ಎರಡು ಗಂಟಿನ ಹಸಿರು

ಅಮ್ಮಾ,

ಅಪ್ಪನ ಮೇಲೆ ನನಗೆ ಅನುಮಾನ ಬಂದಿದೆ. ನಿನಗಲ್ಲದೆ ಇನ್ಯಾರಿಗೆ ಚಾಡಿ ಹೇಳಲಿ?

ಈಗ ಅವರು ದಿನವಿಡೀ ಕಿಟಕಿಯ ಬಳಿ ಕೂತು, ದೊಡ್ಡವರಿಗೆಂದೇ ಬರುವ ಚಿತ್ರಪುಸ್ತಕಗಳಿಗೆ ಬಣ್ಣ ತುಂಬುತ್ತಾರೆ. ತುಂಬಲಿ, ಬೇಡವೆಂದವರಾರು? ಆದರೆ ಎಲೆಗೆ ಹಸಿರು, ಹೂವಿಗೆ ಕೆಂಪು, ಒಂದೂ ತಪ್ಪಿಲ್ಲ! ಅಪ್ಪನ ಕಣ್ಣಿಗೆ ಕೆಂಪೂ ಹಸಿರೂ ಒಂದೇ ಎಂಬುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರ ಅಂಗಿ ಆರಿಸಿಕೊಡುತ್ತಿದ್ದವಳೇ ನೀನು. ಹಾಗಾದರೆ ಈಗ ಬಣ್ಣ ಹೇಳಿಕೊಡುತ್ತಿರುವವರು ಯಾರು? ಎದುರುಮನೆಯ ಟೈಲರಮ್ಮ ಈಚೆಗೆ ಸುಮ್ಮಸುಮ್ಮನೆ ಬಂದು ಹೋಗುತ್ತಾರೆ. ನಾನೂ ಒಂದು ಕಣ್ಣಿಟ್ಟೇ ಇದ್ದೆ.

ಇವತ್ತು ನೇರವಾಗಿ ಕೇಳಿಬಿಟ್ಟೆ. "ಅಪ್ಪಾ, ನಿಮಗೆ ಬಣ್ಣ ಯಾರು ಹೇಳಿಕೊಡ್ತಾರೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಪೆನ್ಸಿಲ್ ಡಬ್ಬಿಯ ಮೇಲೆ ಟವೆಲ್ ಎಳೆದರು. "ಯಾರೂ ಇಲ್ಲ ಕಣೇ. ನಿನಗ್ಯಾಕೆ ಇಲ್ಲದ ಉಸಾಬರಿ?"

ಟವೆಲ್ ಎತ್ತಿದೆ. ಪ್ರತಿ ಪೆನ್ಸಿಲಿನ ಹಿಂತುದಿಗೂ ದಾರ ಕಟ್ಟಿತ್ತು. ಕೆಂಪಿಗೆ ಒಂದು ಗಂಟು, ಹಸಿರಿಗೆ ಎರಡು.

"ನಾನಿಲ್ಲದಾಗ ಸುಮ್ನೆ ಕೂರ್ಬೇಡಿ ಅಂತ ನಿಮ್ಮಮ್ಮ ತರಿಸಿದ್ದು," ಅಂದರು. "ಆಸ್ಪತ್ರೇಲಿ, ನೀನು ಇವತ್ತು ಬರ್ತೀಯ, ನಾಳೆ ಬರ್ತೀಯ ಅಂತ ಕಾಯ್ತಾ ಕಾಯ್ತಾ ಇಷ್ಟೂ ಕಟ್ಟಿ ಮುಗಿಸಿದ್ಲು."

ಹಸಿರು ಪೆನ್ಸಿಲ್ ಸವೆದು ಮೊಂಡಾಗಿದೆ. ಹೊಸದೊಂದು ತಂದು, ದಾರ ಹಿಡಿದು ಸಂಜೆಯಿಂದ ಕೂತಿದ್ದೇನೆ. ನಿನ್ನ ಗಂಟು ಹೇಗೆಂದು ಬಿಚ್ಚಿ ನೋಡದೆ ತಿಳಿಯುವಂತಿಲ್ಲ.

ಬಿಚ್ಚಲು ಅಪ್ಪ ಬಿಡುತ್ತಿಲ್ಲ.