ನಕ್ಷೆಯಲ್ಲಿ ಎಡಕ್ಕೆ, ನೆಲದಲ್ಲಿ ಬಲಕ್ಕೆ

ನನ್ನ ಗುಂಡುಸೂಜಿಗೆ,

(ಇಂಜಿನಿಯರಮ್ಮ ಆದ ಮೇಲೂ ನೀನು ನನಗೆ ಗುಂಡುಸೂಜಿಯೇ. ಸಣಕಲು ಮೈ, ಚೂಪು ಮಾತು ಎಂದು ನಾನೇ ಇಟ್ಟ ಹೆಸರು.)

ನೀವೆಲ್ಲ ಹೇಗಿದ್ದೀರಿ? ಅತ್ತಿಗೆಯ ಮಂಡಿ ಮೆಟ್ಟಿಲು ಹತ್ತಲು ಬಿಡುತ್ತಿದೆಯೇ? ಅಳಿಯಂದಿರ ಕೆಮ್ಮು ಹೋಯಿತೇ? ನಿಮ್ಮ ಮನೆಯ ಐದು ವರ್ಷದ ಜಡ್ಜ್ ಸಾಹೇಬರು ಈಗಲೂ ಎಲ್ಲರಿಂದ ತಪ್ಪೊಪ್ಪಿಗೆ ಬರೆಸಿಕೊಳ್ಳುತ್ತಿದ್ದಾರೆಯೇ? ಇಲ್ಲಿ ನಿನ್ನ ಚಿಕ್ಕಮ್ಮ ಚೆನ್ನಾಗಿದ್ದಾಳೆ, ಅಂದರೆ ದಿನವೂ ಬೈಯುತ್ತಿದ್ದಾಳೆ. ನನ್ನ ಬಲಗಣ್ಣಿನ ಪೊರೆ ತೆಗೆಸಿದ ಮೇಲೆ ಗೋಡೆಯ ಬಿರುಕುಗಳೆಲ್ಲ ಕಾಣತೊಡಗಿವೆ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಹೇಳಹೊರಟರೆ ನೀನು "ಇರ್ಲಿ ಬಿಡಿ ಚಿಕ್ಕಪ್ಪ" ಎಂದು ಮಾತು ತಿರುಗಿಸುತ್ತೀಯ. ಕಾಗದದ ಬಾಯಿಗೆ ಯಾರೂ ಕೈ ಅಡ್ಡ ಹಿಡಿಯಲಾರರು.

ಮೊದಲು ನಮ್ಮ ನಿಲ್ದಾಣದ ಸುದ್ದಿ. ಗಿರಣಿ ನಿಲ್ದಾಣದವರೆಗೆ ನೀವು ಕಂಬ ನೆಟ್ಟು, ತಂತಿ ಎಳೆದು, ಕರೆಂಟು ರೈಲು ಓಡಿಸಿದ್ದೀರಿ. ಒಮ್ಮೆ ಕೂತು ಬಂದೆ. ಲೋಟದ ನೀರು ಅಲುಗುವುದಿಲ್ಲ. ಅಲ್ಲಿಂದಾಚೆ ನಾವಿನ್ನೂ ಡೀಸೆಲ್ ಹೊಗೆಯ ಪ್ರಜೆಗಳು. ಬೆಳಗಿನ ಜನ ಗಿರಣಿಯಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಗಾಡಿಗೆ ಓಡಬೇಕು. ಆಸ್ಪತ್ರೆಯ ನರ್ಸಮ್ಮ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಓಡುವುದನ್ನು ನಾನೇ ನೋಡಿದ್ದೇನೆ. ವಿದ್ಯುತ್ ರೈಲು ಬರುವ ದಿನಾಂಕದ ಫಲಕಕ್ಕೆ ಮೂರು ಸಲ ಚೀಟಿ ಅಂಟಿಸಿದ್ದಾರೆ. ಮೊನ್ನೆ ಪೇಪರ್ ಅಂಗಡಿಯವನು, "ಯಜಮಾನ್ರೇ, ನಿಮ್ಮ ಮಗಳ ರೈಲು ಬರೋದ್ರೊಳಗೆ ನನ್ನ ಮೊಮ್ಮಗ ರಿಟೈರ್ ಆಗ್ತಾನೆ" ಎಂದ. "ನಿನಗಿನ್ನೂ ಮದುವೇನೇ ಆಗಿಲ್ವಲ್ಲೋ" ಎಂದೆ. "ಅದಕ್ಕೇ ಹೇಳಿದ್ದು!" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಲೇ ಫಲಕಕ್ಕೆ ಬೆನ್ನು ತಿರುಗಿಸಿದೆ. ಯಾಕೆಂದರೆ ಮೊದಲ ಚೀಟಿ ತಗ್ಗು ಸೇತುವೆಯನ್ನು ಎತ್ತರಿಸಲು, ಎರಡನೆಯದು ಸಬ್‌ಸ್ಟೇಷನ್ ತಡವಾದದ್ದಕ್ಕೆ. ಮೂರನೆಯ ಚೀಟಿ ನನ್ನದು.

ಇಟ್ಟಿಗೆ ಮೋರಿಯ ಬಳಿ ಕಂಬಕ್ಕೆ ಗುಂಡಿ ಕೊರೆಯುವ ಯಂತ್ರ ಸಿಗ್ನಲ್ ಕೇಬಲನ್ನು ಕತ್ತರಿಸಿತು, ಅರ್ಧ ದಿನ ಗಾಡಿಗಳು ನಿಂತವು, ನಿನಗೆ ಮೆಮೊ ಬಂತು. ಇದನ್ನು ನೀನು ಹೇಳಲಿಲ್ಲ, ಅತ್ತಿಗೆ ಹೇಳಿದರು. ತಿಂಗಳ ಕೊನೆಯ ವಿಚಾರಣೆಯಲ್ಲಿ ಉತ್ತರ ಸರಿಹೋಗದಿದ್ದರೆ ನಿನ್ನನ್ನು ಈ ಮಾರ್ಗದಿಂದಲೇ ತೆಗೆಯುತ್ತಾರಂತೆ. ಕೇಳಿದ ಮೇಲೂ ನಾನು ಐದು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ನಕ್ಷೆಯಲ್ಲಿ ಕೇಬಲ್ ಹಳಿಯ ಎಡಕ್ಕಿದೆ. ಅದಕ್ಕೇ ನೀನು ಗುಂಡಿಗಳನ್ನು ಬಲಕ್ಕೆ ಇಟ್ಟೆ. ಆದರೆ ಕೇಬಲ್ ಇದ್ದದ್ದೇ ಬಲಕ್ಕೆ. ಅಲ್ಲಿ ಹೂತವನು ನಾನು.

ಮೂವತ್ತನಾಲ್ಕು ವರ್ಷದ ಹಿಂದಿನ ಮಾತು. ಆಗ ನಾನು ಹನ್ನೆರಡು ಜನರ ಗ್ಯಾಂಗಿನ ಮೇಸ್ತ್ರಿ. ಎಡಗಡೆ ಒಂದು ಮೊಳ ಅಗೆಯುವಷ್ಟರಲ್ಲಿ ಬಂಡೆ. ಹಾರೆ ಹಾಕಿದರೆ ಕಿಡಿ ಏಳುತ್ತಿತ್ತು, ಚೂರು ಏಳುತ್ತಿರಲಿಲ್ಲ. ಮೂರು ದಿನಕ್ಕೆ ಮೂರು ಮಾರು ಸಾಗಿದ್ದೆವು. ಶನಿವಾರ ಇನ್‌ಸ್ಪೆಕ್ಟರ್ ಬರುವವರಿದ್ದರು. ಮೋರಿಯೊಳಗಿನಿಂದ ಕೇಬಲನ್ನು ಬಲಕ್ಕೆ ದಾಟಿಸಿ, ಮೆತ್ತನೆ ಮಣ್ಣಿನಲ್ಲಿ ಒಂದೂವರೆ ಕಿಲೋಮೀಟರ್ ಹೂತು, ಮುಂದಿನ ಮೋರಿಯಲ್ಲಿ ಮತ್ತೆ ಎಡಕ್ಕೆ ತಂದೆವು. ಅದರಲ್ಲಿ ತಪ್ಪಿರಲಿಲ್ಲ. ಬಂಡೆ ಅಡ್ಡ ಬಂದರೆ ಸರಿಯಲೇಬೇಕು. ಸರಿದದ್ದನ್ನು ನಕ್ಷೆಯಲ್ಲಿ ಕೆಂಪು ಮಸಿಯಲ್ಲಿ ತೋರಿಸಬೇಕಿತ್ತು, ಅಷ್ಟೇ. ತೋರಿಸಿದ್ದರೆ ಮೇಲಿನ ಕಚೇರಿಯ ಒಪ್ಪಿಗೆ ಬರುವವರೆಗೆ ಕೆಲಸ ನಿಲ್ಲುತ್ತಿತ್ತು. ನಮ್ಮಲ್ಲಿ 'ಮೀಸೆ' ಅಂತ ಒಬ್ಬನಿದ್ದ. "ನೆಲದ ಹೊಟ್ಟೆ ಸೀಳಿ ಯಾರು ನೋಡ್ತಾರೆ ಮೇಸ್ತ್ರಿ, ಮಣ್ಣು ಮುಚ್ಚಿ ಅತ್ಲಾಗೆ" ಎಂದ. ಇನ್‌ಸ್ಪೆಕ್ಟರ್, "ನಕ್ಷೆ ಪ್ರಕಾರಾನೇ ತಾನೆ?" ಎಂದರು. "ಹೌದು ಸಾರ್" ಎಂದೆ. ನಕ್ಷೆಯ ಹಾಳೆಗೆ ಸಹಿ ಹಾಕಿದೆ.

ಕಳೆದ ವರ್ಷ ನೀನು ಆ ಹಾಳೆಯ ಫೋಟೊ ಕಳಿಸಿದ್ದೆ. "ಚಿಕ್ಕಪ್ಪ, ಇದು ಯಾರ ಸಹಿ ನೋಡಿ! ಈ ಹಾಳೇನ ಕಣ್ಮುಚ್ಚಿ ನಂಬಬಹುದು ಅಂತ ನಮ್ಮವರಿಗೆಲ್ಲ ಹೇಳಿದೀನಿ." ನಾನು ಅದನ್ನು ಬೀದಿಗೆಲ್ಲ ತೋರಿಸಿ ಬಂದೆ. ಬಂಡೆಯ ವಿಷಯ ಮರೆತೇಹೋಗಿತ್ತು ಎಂದು ಬರೆದರೆ ಸುಲಭ. ಮರೆತಿರಲಿಲ್ಲ ಮಗಳೇ. ಫೋಟೊವನ್ನು ದೊಡ್ಡದು ಮಾಡಿ ಎಡಗಡೆಯ ಗೆರೆಯನ್ನು ನೋಡಿದ್ದೆ. ಬಲಗಡೆ ಕಂಬ ಬರಲಿಕ್ಕಿಲ್ಲ ಎಂದುಕೊಂಡೆ. ನಿನ್ನ ಕಣ್ಣಿನಲ್ಲಿ ದೊಡ್ಡವನಾಗಿ ಉಳಿಯುವುದು ಅಷ್ಟು ರುಚಿಯಾಗಿತ್ತು.

ಯಂತ್ರ ಇಳಿಸುವ ಮುನ್ನ ಪ್ರತಿ ಗುಂಡಿಯನ್ನೂ ಎದೆಮಟ್ಟ ಕೈಯಲ್ಲಿ ಅಗೆದು ನೋಡಬೇಕೆಂಬ ನಿಯಮ ನಿಮಗಿದೆ. ಅಲ್ಲಿ ನೀನು ಅದನ್ನು ಬಿಟ್ಟೆ. ಮೆಮೊಗೆ "ನನ್ನ ಗಮನ ತಪ್ಪಿತು" ಎಂದಷ್ಟೇ ಉತ್ತರ ಬರೆದೆಯಂತೆ. ಯಾರ ಸಹಿ ನಂಬಿ ಬಿಟ್ಟೆ ಎಂದು ಬರೆಯಲಿಲ್ಲ. ನನ್ನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದೀಯ. ಅದು ಬೇಡ. ನಿನ್ನ ಪಾಲಿನ ತಪ್ಪು ನಿನಗಿರಲಿ, ನನ್ನ ಪಾಲಿನದನ್ನು ನನಗೆ ಕೊಡು.

ಈ ಲಕೋಟೆಯಲ್ಲಿ ಇನ್ನೊಂದು ಹಾಳೆ ಇದೆ. ಅದು ನಿನಗಲ್ಲ, ನಿನ್ನ ದೊಡ್ಡ ಸಾಹೇಬರಿಗೆ. ಕೇಬಲ್ ಎಲ್ಲಿ ದಾಟಿತು, ಎಲ್ಲಿ ತಿರುಗಿತು, ಯಾಕೆ ಮುಚ್ಚಿಟ್ಟೆ, ಎಲ್ಲ ಇದೆ. ಚಿಕ್ಕಮ್ಮನಿಗೆ ಓದಿ ಹೇಳಿದೆ. ಮೊದಲು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಸಹಿ ಇನ್ನೂ ದಪ್ಪಗೆ ಹಾಕ್ರಿ, ಅವತ್ತು ಹಾಕಿದ್ರಲ್ಲ ಹಾಗೆ" ಎಂದಳು.

ಕೇಬಲ್ ಹುಡುಕುವ ಯಂತ್ರ ಆ ನೆಲದಲ್ಲಿ ತಬ್ಬಿಬ್ಬಾಗಿದೆ, ತಡಕಾಡಿ ಮುಗಿಸಲು ಮೂರು ತಿಂಗಳು ಬೇಕು ಎಂದರು ಅತ್ತಿಗೆ. ನನಗೆ ಒಂದು ಬೆಳಿಗ್ಗೆ ಸಾಕು. ಹಳಿಯ ಮೇಲೆ ಬರಲು ಅನುಮತಿ ತೆಗೆದುಕೋ, ಗಾಡಿ ಬಂದರೆ ಸೀಟಿ ಊದಲು ಒಬ್ಬನನ್ನು ನಿಲ್ಲಿಸು, ಬಕೆಟ್ಟಿನಲ್ಲಿ ಸುಣ್ಣದ ಪುಡಿ ಇರಲಿ. ಒಂದು ಮೋರಿಯಿಂದ ಇನ್ನೊಂದು ಮೋರಿಯವರೆಗೆ ನಡೆದು ಗೆರೆ ಎಳೆದುಕೊಡುತ್ತೇನೆ. "ಈ ವಯಸ್ಸಿಗೆ ಆಗುತ್ತಾ ಚಿಕ್ಕಪ್ಪ" ಎನ್ನಬೇಡ. ನಾಲ್ಕು ದಿನದಿಂದ ಪಾರ್ಕಿನ ಸುತ್ತ ಅಷ್ಟೇ ದೂರ ಅಳೆದು ನಡೆಯುತ್ತಿದ್ದೇನೆ. ಮೊದಲ ದಿನ ಮೂರು ಸಲ ಕೂತೆ, ನಿನ್ನೆ ಒಂದೇ ಸಲ.

ನಾನು ಎಳೆದ ಗೆರೆಯನ್ನೂ ನಂಬಬೇಡ, ತಿಳಿಯಿತೇ? ಪ್ರತಿ ಗುಂಡಿಯನ್ನೂ ಕೈಯಲ್ಲಿ ಅಗೆಸು. ಕೇಬಲ್ ಸಿಕ್ಕರೆ ಕಣ್ಣಾರೆ ನೋಡಿ, ಆಮೇಲೆ ನಕ್ಷೆಗೆ ಕೆಂಪು ಮಸಿ ಹಚ್ಚು. ಅದರ ಕೆಳಗೆ ನಿನ್ನ ಸಹಿ ಇರಲಿ. ಇನ್ನು ಮೂವತ್ತು ವರ್ಷಕ್ಕೆ ಯಾರೋ ಅದನ್ನು ನಂಬಿ ಗುದ್ದಲಿ ಎತ್ತುತ್ತಾರೆ.

ನಿನ್ನ ಕಂಬಗಳು ನೆಟ್ಟಗೆ ನಿಲ್ಲಲಿ. ನರ್ಸಮ್ಮ ಚಪ್ಪಲಿಯನ್ನು ಕಾಲಲ್ಲೇ ಇಟ್ಟುಕೊಂಡು ಆಸ್ಪತ್ರೆ ಮುಟ್ಟಲಿ. ನಿನಗೆ ಒಳ್ಳೆಯದಾಗಲಿ.

ಹೆಚ್ಚೇನೂ ಬರೆಯಬೇಡ. ಯಾವ ದಿನ, ಎಷ್ಟು ಗಂಟೆಗೆ, ಅಷ್ಟು ಸಾಕು. ಆದರೆ ಬೇಗ ಬರೆ. ಬೂಟು ಒರೆಸಿ ಬಾಗಿಲ ಬಳಿ ಇಟ್ಟಿದ್ದೇನೆ.

ಇಂತಿ ನಿನ್ನ,
ಚಿಕ್ಕಪ್ಪ