ಫರ್ ಮರಕ್ಕೆ ಪೈನಿನ ಶಿಕ್ಷೆ

ಮಾನ್ಯ ಮರ ಸಂರಕ್ಷಣಾಧಿಕಾರಿಗಳೇ,
(ಸಂರಕ್ಷಣೆ ಎಂಬ ಮಾತನ್ನು ಸದ್ಯಕ್ಕೆ ಹಾಗೇ ಬಿಟ್ಟಿದ್ದೇನೆ.)

ನಿತ್ಯಹಸಿರು ಮರಗಳಿಗೆ ತಾವು ಯಾವ ಜಾತಿ ಎಂದು ಅನುಮಾನ ಬಂದರೆ ಅವು ನನ್ನನ್ನೇ ಕೇಳುತ್ತವೆ. ತಮ್ಮ ಕಚೇರಿ ಮಾತ್ರ ಕೇಳಲಿಲ್ಲ. ಕೇಳದೆ, ಪೈನ್ ಮರಗಳಿಗೆ ಹತ್ತಿದ ರೋಗಕ್ಕೆ ನನ್ನ ಅಕ್ಕನ ಹಿತ್ತಲಿನ ಫರ್ ಮರವನ್ನು ಈ ಶನಿವಾರ ಕಡಿಯುವುದಾಗಿ ನೋಟೀಸು ಕಳಿಸಿದೆ. ಆ ನೋಟೀಸಿನ ಮೇಲಿನ ತಮ್ಮ ಸೀಲು ನೋಡಿದರೆ ವಾಕರಿಕೆ ಬರುತ್ತದೆ.

ತಮ್ಮ ಪರಿವೀಕ್ಷಕರು ಮಾಡಿದ ಮಹಾ ಪರೀಕ್ಷೆ ಯಾವುದು ಗೊತ್ತೇ? ತಲೆ ಎತ್ತಲೇ ಇಲ್ಲ. ಬುಡದಲ್ಲಿ ಬಿದ್ದಿದ್ದ ಒಣ ಎಲೆ ಹೆಕ್ಕಿದರು, ಜೋಡಿಯಾಗಿ ಅಂಟಿದ ಸೂಜಿಯಂಥ ಎಲೆ ಕಂಡಿತು, ಪೈನ್ ಎಂದು ಗೀಚಿದರು. ಅದು ಬೇಲಿಯಾಚೆಯ ಪೈನ್ ಮರದಿಂದ ಗಾಳಿಗೆ ಹಾರಿಬಂದ ಕಸ! ಮೆಟ್ಟಿಲ ಬಳಿ ಬಿಟ್ಟ ಚಪ್ಪಲಿ ನೋಡಿ ಮನೆಯ ಯಜಮಾನ ಯಾರೆಂದು ತೀರ್ಮಾನಿಸುವ ಜಾಣತನಕ್ಕೂ ಸಂಬಳ ಕೊಡುತ್ತೀರಾ?

"ಕೊಂಬೆ ಹಿಡಿದು ನೋಡಿ ಸ್ವಾಮಿ," ಎಂದೆ. "ಪೈನ್ ಆದ್ರೆ ಸೂಜಿ ಗೊಂಚಲಾಗಿ ಬರ್ತವೆ, ಇದ್ರಲ್ಲಿ ಒಂದೊಂದೇ. ಬೆರಳಲ್ಲಿ ಉರುಳ್ಸಿ. ಉರುಳಿದ್ರೆ ಸ್ಪ್ರೂಸ್ ಅನ್ನೋ ಬೇರೆ ಮರ. ಇದು ಚಪ್ಪಟೆ, ಉರುಳಲ್ಲ. ಫರ್!"

"ಎಷ್ಟು ಓದಿದ್ದೀರಿ ಯಜಮಾನ್ರೇ?"

"ಹಳ್ಳಿ ಶಾಲೆ. ಏಳನೇ ಕ್ಲಾಸು. ಆದ್ರೆ ನಿಮ್ಮಂಥೋರಿಗೆ ಪಾಠ ಹೇಳೋಷ್ಟು ಇದೆ."

"ಹೌದಾ? ನಮ್ಮ ಫಾರಂನಲ್ಲಿ ಸೂಜಿ ಎಲೆ ಇರೋದೆಲ್ಲ ಪೈನೇ," ಎಂದವರೇ ಕಾಂಡಕ್ಕೆ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಎಳೆದರು.

ಅಕ್ಕ ನನ್ನ ಮೇಲೇ ತಿರುಗಿಬಿದ್ದಳು. "ನಿನ್ನ ಬಾಯಿಗೆ ಬೀಗ ಹಾಕ! ಜಂಬ ಕೊಚ್ಚದೆ ಇದ್ದಿದ್ರೆ ಆತ ಇನ್ನೊಂದ್ಸಲ ನೋಡ್ತಿದ್ನೇನೋ."

ಆ ಮರವನ್ನು ಸಸಿಯಾಗಿದ್ದಾಗ ಭಾವ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದು ನೆಟ್ಟಿದ್ದರು. ಅವರು ಹೋದಮೇಲೆ ಅಕ್ಕ ಬೆಳಗಿನ ಚಹಾ ಕುಡಿಯುವುದು ಅದರಡಿಯಲ್ಲೇ. ಒಮ್ಮೊಮ್ಮೆ ಅದರ ಜೊತೆ ಜಗಳವನ್ನೂ ಆಡುತ್ತಾಳೆ. ಇದಕ್ಕೆ ತಮ್ಮ ಫಾರಂನಲ್ಲಿ ಜಾಗ ಇದೆಯೇ? ಅತ್ತ, ರೋಗ ಹಿಡಿದ ನಿಜವಾದ ಪೈನ್ ಬೇಲಿಯಾಚೆ ಕೆಂಪಗೆ ಒಣಗುತ್ತ ನಿಂತಿದೆ. ಅದಕ್ಕೆ ಗುರುತಿಲ್ಲ. ಏಕೆಂದರೆ ಪರಿವೀಕ್ಷಕರು ಬಂದ ದಿನ ಆ ಮನೆಯ ಗೇಟಿಗೆ ಬೀಗ ಹಾಕಿತ್ತಂತೆ! ಬೀಗ ಹಾಕಿಕೊಂಡವರ ರೋಗವೂ ಕ್ಷೇಮ, ಬಾಗಿಲು ತೆರೆದವರ ಆರೋಗ್ಯಕ್ಕೂ ಗರಗಸ. ಥೂ!

ಶುಕ್ರವಾರದೊಳಗೆ ತಾವೇ ಬನ್ನಿ. ಏಣಿ ನನ್ನದು. ಕೊಂಬೆಯಿಂದ ಒಂದೇ ಒಂದು ಸೂಜಿ ಕಿತ್ತು ಬೆರಳಲ್ಲಿ ಉರುಳಿಸಿ, ಆಮೇಲೆ ಆ ಕೆಂಪು ಗುರುತನ್ನು ತಮ್ಮ ಕೈಯಾರೆ ಉಜ್ಜಿ ಅಳಿಸಿ. ಆಗುವುದಿಲ್ಲವೇ? ಹಾಗಾದರೆ ಶನಿವಾರ ಗರಗಸದ ಜೊತೆ ಬಂದು, ಅಕ್ಕನ ಮುಖ ನೋಡಿ, ಇದು ಪೈನ್ ಎಂದು ಹೇಳಿ.

ಇಂತಿ,
ತಮ್ಮ ಕಚೇರಿಯಲ್ಲಿ ಒಬ್ಬರಿಗಾದರೂ ಮರದ ಗುರುತು ಇರುತ್ತದೆ ಎಂದು ಮರ ಕಡಿಯುವವನ ಜೊತೆ ಪಂಥ ಕಟ್ಟಿ ಸೋತವನು. ಐದು ಸಾವಿರ ಹೋಯಿತೆಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಹೋದದ್ದು ಹದಿನೈದು ರೂಪಾಯಿ. ತಮ್ಮ ಮೇಲೆ ಅದಕ್ಕಿಂತ ಹೆಚ್ಚು ಕಟ್ಟಲು ಧೈರ್ಯ ಬರಲಿಲ್ಲ.