ಐದು ವಿಳಾಸಗಳ ಪುಟ

ಕನ್ನಡಕದ ಅಂಗಡಿಯ ಮಹಾಶಯನಿಗೆ,

ಪ್ರೀತಿಯ ಎಂದು ಶುರು ಮಾಡಲು ಕೈ ಬರಲಿಲ್ಲ. ಮಾನ್ಯರೇ ಎಂದು ಬರೆಯೋಣವೆಂದರೆ ಆ ಮಾನವನ್ನು ನೀನು ಉಳಿಸಿಕೊಂಡಿಲ್ಲ. ನಾಲ್ಕು ತಿಂಗಳು ದೊಡ್ಡಮ್ಮ, ದೊಡ್ಡಮ್ಮ ಎಂದು ಬೆಣ್ಣೆ ಹಚ್ಚಿದವನಿಗೆ ಏಕವಚನವೇ ಸರಿ. ಸಲಿಗೆಗೆ ಹೀಗೆ ಬರೆದಿದ್ದಾಳೆ ಎಂದುಕೊಳ್ಳಬೇಡ.

ಮೊದಲು ಕವರನ್ನು ತಿರುಗಿಸಿ ನೋಡು. ಅದರ ಮೇಲೆ ನಮ್ಮ ಸಂಸ್ಥೆಯ ಹೆಸರಿಲ್ಲ, ಮೊಹರಿಲ್ಲ. ಮೂಲೆಯಲ್ಲಿ ‘ಫ್ರೇಮಿನ ದೂರು’ ಎಂದು ಬರೆದಿದ್ದೇನೆ. ನಿನ್ನ ಮಾಲೀಕ ಕೈಗೆತ್ತಿಕೊಂಡರೆ, ಯಾವುದೋ ಮುದುಕಿ ಕನ್ನಡಕ ಸರಿಯಿಲ್ಲವೆಂದು ಗೊಣಗಿದ್ದಾಳೆ ಎಂದುಕೊಂಡು ನಿನ್ನ ಮೇಜಿನ ಮೇಲೆ ಎಸೆಯಬೇಕು, ಅಷ್ಟೇ. ನೀನು ನಮ್ಮ ಮಕ್ಕಳ ಮನೆಯಿಂದ ದತ್ತು ಹೋದವನು ಎನ್ನುವುದು ಅವನಿಗೆ ಗೊತ್ತಾಗಬೇಕಾಗಿಲ್ಲ. ಈ ದಾಖಲೆ ಕೋಣೆಯಲ್ಲಿ ಕೂತು ಮೂವತ್ತೊಂದು ವರ್ಷದಿಂದ ನಾನು ಕಾಗದ ಬರೆಯುವುದು ಹೀಗೆಯೇ. ನಿನ್ನಂಥವನಿಗೂ ಹೀಗೆಯೇ.

ನೀನು ಮೊದಲ ಸಲ ಬಂದಾಗ ನಿನ್ನ ಪುಟದಲ್ಲಿ ನಿನಗೆ ಸೇರಿದ್ದನ್ನೆಲ್ಲ ನಾನು ಓದಿ ಹೇಳಿದೆ. ಹುಟ್ಟಿದ ದಿನ, ಗಳಿಗೆ, ಎರಡು ಕಿಲೋ ಏಳುನೂರು ಗ್ರಾಂ ತೂಕ, ಎಡಗಿವಿಯ ಹಿಂದಿನ ಮಚ್ಚೆ. ನೀನು ಕಿವಿ ಮುಟ್ಟಿ ನೋಡಿಕೊಂಡೆ. ಆಮೇಲೆ ಹೆತ್ತಮ್ಮನ ಹೆಸರು ಕೇಳಿದೆ. ನಾನು ಫಾರಂ ಕೊಟ್ಟೆ. ನೀನು ತುಂಬಬೇಕು, ನಾನು ಆಕೆಗೆ ಬರೆಯಬೇಕು, ಆಕೆ ಒಪ್ಪಿದರೆ ಹೆಸರು ನಿನ್ನ ಕೈಗೆ. “ಒಪ್ಪದಿದ್ರೆ?” ಅಂದೆ ನೀನು. “ಒಪ್ಪದಿದ್ರೆ ಇಲ್ಲಪ್ಪ” ಅಂದೆ ನಾನು. ನಿನ್ನ ಮುಖ ಚಿಕ್ಕದಾಯಿತು. ನನಗೆ ಕರುಳು ಚುರುಕ್ ಅಂದಿತು. ಆ ಚುರುಕ್ಕಿಗೆ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೇನೆ.

ಫಾರಮನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಹೋದವನು ಮುಂದಿನ ಗುರುವಾರ ಮತ್ತೆ ಬಂದೆ. ಅದು ನಿಮ್ಮ ಅಂಗಡಿಗೆ ರಜೆಯ ದಿನವಂತೆ. ಅದರ ಮುಂದಿನ ಗುರುವಾರವೂ ಬಂದೆ. ನನ್ನ ಮೇಜಿನ ಸಿಕ್ಕಿಕೊಳ್ಳುತ್ತಿದ್ದ ಡ್ರಾಯರಿಗೆ ಮೇಣ ಸವರಿದೆ. ಕುರ್ಚಿಯ ಕಾಲಿಗೆ ಮೊಳೆ ಹೊಡೆದೆ. ನನ್ನ ಮಂಡಿ ನೋವಿನ ಕಥೆಯನ್ನು, ನನ್ನ ಅಕ್ಕನ ಮಗಳೇ ಕೇಳದ ಕಥೆಯನ್ನು, ಆದಿಯಿಂದ ಅಂತ್ಯದವರೆಗೆ ಕೇಳಿದೆ. ಫಾರಂ ಎಲ್ಲಿ ಎಂದು ನಾನು ಕೇಳಿದಾಗಲೆಲ್ಲ “ತುಂಬ್ತೀನಿ ದೊಡ್ಡಮ್ಮ, ಏನವಸರ” ಅನ್ನುತ್ತಿದ್ದೆ. ಒಂದು ದಿನ ನೀನಾಗಿಯೇ ಹೇಳಿದೆ: “ನಾನಿಲ್ಲಿಗೆ ಬರೋದು ನಮ್ಮಮ್ಮನಿಗೆ ಗೊತ್ತಾಗಬಾರದು. ಸಾಕಿದ ಜೀವ, ಎದೆ ಒಡ್ಕೊಂಡುಬಿಡ್ತಾರೆ.” ನಿಮ್ಮ ಮನೆಯ ಫೋನ್ ನಂಬರು ನನ್ನ ಕಡತದಲ್ಲಿದೆ. ಇದೆಲ್ಲ ಆದ ಮೇಲೆ ಎಷ್ಟೋ ಸಲ ಅದರ ಮೇಲೆ ಬೆರಳಿಟ್ಟಿದ್ದೇನೆ. ಫೋನ್ ಮಾತ್ರ ಎತ್ತಲಿಲ್ಲ. ನಿನ್ನ ಗುಟ್ಟು ಮಾತ್ರ ಗುಟ್ಟು, ಹೆತ್ತವಳದು ಬರೀ ಕಾಗದ ಎಂದು ನೀನು ಅಂದುಕೊಂಡ ಹಾಗೆ ನಾನು ಅಂದುಕೊಳ್ಳಲಾರೆ.

ಈಗ ಆ ಗುರುವಾರಕ್ಕೆ ಬರೋಣ.

ಹಳೆಯ ರಿಜಿಸ್ಟರುಗಳ ಹರಿದ ಅಂಚಿಗೆ ನಾನು ಕಾಗದದ ಪಟ್ಟಿ ಅಂಟಿಸುತ್ತಿದ್ದೆ. ನೀನು ಹುಟ್ಟಿದ ವರ್ಷದ್ದು ಮೇಜಿನ ಮೇಲಿತ್ತು. ಬೇರೆಯವರು ಒಳಗಿರುವಾಗ ರಿಜಿಸ್ಟರು ಬೀರುವಿನಲ್ಲೇ ಇರಬೇಕು ಎಂಬುದು ನಾನೇ ಮಾಡಿದ ನಿಯಮ. ನಿನ್ನನ್ನು ಬೇರೆಯವನೆಂದು ಎಣಿಸದೇ ಹೋದೆ. ಅದು ನನ್ನ ತಪ್ಪು. ಮೇಲಿನವರಿಗೆ ಹಾಗೆಂದು ಬರೆದುಕೊಟ್ಟಿದ್ದೇನೆ, ಅವರು ಏನು ಬೇಕಾದರೂ ಮಾಡಲಿ. ನೀನು ಅಂಗಡಿಯಿಂದ ಕಣ್ಣು ಪರೀಕ್ಷೆಯ ಪೆಟ್ಟಿಗೆ ತಂದಿದ್ದೆ. “ಎಷ್ಟು ದಿನ ಈ ದಾರ ಕಟ್ಟಿದ ಕನ್ನಡಕ ಹಾಕ್ಕೊಂಡಿರ್ತೀರ, ಕೊಡಿ ಇಲ್ಲಿ” ಎಂದು ನನ್ನ ಮೂಗಿನ ಮೇಲಿಂದ ಅದನ್ನು ತೆಗೆದೆ. ಭಾರದ ಚೌಕಟ್ಟು ಕೂರಿಸಿ, ಒಂದು ಕಣ್ಣಿಗೆ ಕಪ್ಪು ಬಿಲ್ಲೆ ಹಾಕಿ, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದೆ. “ಕ್ಯಾಲೆಂಡರಿನ ಅಂಕಿ ಒಂದೊಂದಾಗಿ ಓದಿ ದೊಡ್ಡಮ್ಮ. ಕತ್ತು ಮಾತ್ರ ತಿರುಗಿಸ್ಬೇಡಿ, ಪವರ್ ತಪ್ಪೋಗತ್ತೆ.”

ನಾನು ಓದಿದೆ. ಒಂದು, ಎರಡು, ಮೂರು. ಐವತ್ತೊಂಬತ್ತು ವರ್ಷದ ಹೆಂಗಸು ಗೋಡೆಗೆ ಮುಖ ಮಾಡಿ ಒಂದನೇ ತರಗತಿಯ ಮಗುವಿನಂತೆ ಅಂಕಿ ಒಪ್ಪಿಸಿದೆ. ಹಿಂದಿನಿಂದ ಹಾಳೆ ಸರಿಯುವ ಸದ್ದು ಬಂತು. ಫ್ಯಾನಿನ ಗಾಳಿಯೆಂದುಕೊಂಡೆ. “ಚೆನ್ನಾಗಿ ಓದ್ತಿದೀರ, ಇನ್ನೊಂದ್ಸಲ” ಅಂದೆ ನೀನು. ಇನ್ನೊಂದು ಸಲವೂ ಓದಿದೆ, ಮೂವತ್ತೊಂದರವರೆಗೆ. ಅಷ್ಟು ಹೊತ್ತಿನಲ್ಲಿ ನೀನು ಪುಟ ಹುಡುಕಿ, ಹೆಸರಿನ ಮೇಲೆ ನಾನು ಕ್ಲಿಪ್ಪು ಹಾಕಿ ಮುಚ್ಚಿದ್ದ ಕಂದು ಕಾಗದ ತೆಗೆದು, ಫೋಟೋ ಹೊಡೆದುಕೊಂಡು, ಮತ್ತೆ ಮುಚ್ಚಿಟ್ಟಿದ್ದೀಯ. ಕ್ಲಿಪ್ಪನ್ನು ತಲೆಕೆಳಗಾಗಿ ಹಾಕಿದ್ದೀಯ. ಅದು ನನ್ನ ಕಣ್ಣಿಗೆ ಬಿದ್ದದ್ದು ಎಲ್ಲ ಮುಗಿದ ಮೇಲೆ.

ಮರುವಾರ ಹೊಸ ಕನ್ನಡಕ ತಂದುಕೊಟ್ಟೆ. ಬೀದಿಯಾಚೆಯ ಬೋರ್ಡೆಲ್ಲ ಓದಿ ಓದಿ ನಾನು ಮೂರು ದಿನ ಹಿಗ್ಗಿದೆ. ನೀನು ಆಮೇಲೆ ಈ ಕಡೆ ತಲೆ ಹಾಕಲಿಲ್ಲ.

ಮುಂದಿನದನ್ನು ನನಗೆ ಹೇಳಿದ್ದು ಅವಳು, ನಿನ್ನನ್ನು ಹೆತ್ತವಳು. ಇಷ್ಟು ಅವನಿಗೆ ಗೊತ್ತಾಗಲಿ ಎಂದು ಅವಳೇ ಹೇಳಿ, ಸಹಿ ಹಾಕಿದ ಮೇಲೆಯೇ ನಿನಗೆ ಬರೆಯುತ್ತಿದ್ದೇನೆ. ಸಹಿಯಿಲ್ಲದೆ ನಾನು ಯಾರ ಮಾತನ್ನೂ ಯಾರಿಗೂ ದಾಟಿಸುವುದಿಲ್ಲ.

ಆ ಭಾನುವಾರ ಬೆಳಿಗ್ಗೆ ನೀನು ಹಣ್ಣಿನ ಬುಟ್ಟಿ ಹಿಡಿದು ಅವಳ ಮನೆಯ ಗಂಟೆ ಒತ್ತಿದೆ. ಬಾಗಿಲು ತೆರೆದವರು ಅವಳ ಅತ್ತೆ. “ನಾನು ಅವರ ಮಗ” ಅಂದೆಯಂತೆ. ಅವರು ಪಾಪ, ಮನೆ ತಪ್ಪಿ ಬಂದಿದ್ದೀಯ ಎಂದುಕೊಂಡು ಪಕ್ಕದ ಮನೆಯ ಕಡೆ ಕೈ ತೋರಿಸಿದರಂತೆ. ಅಲ್ಲಿಗಾದರೂ ನೀನು ಹೌದು ತಪ್ಪಾಯಿತು ಎಂದು ಮೆಟ್ಟಿಲಿಳಿಯಬಹುದಿತ್ತು. ಆಗಲೂ ಯಾರದೂ ಏನೂ ಹಾಳಾಗುತ್ತಿರಲಿಲ್ಲ. ನೀನು ಫೋನ್ ತೆಗೆದು ಪುಟವನ್ನು ಬೆರಳಿನಿಂದ ದೊಡ್ಡದು ಮಾಡಿ ತೋರಿಸಿದೆ.

ಆ ಅತ್ತೆ ಯಾರು ಗೊತ್ತಾ? ನಿನ್ನನ್ನು ಹೆರುವ ಮುಂಚಿನ ಏಳು ತಿಂಗಳು ನಿನ್ನ ಹೆತ್ತಮ್ಮ ಇಲ್ಲಿದ್ದಳು. ಹತ್ತೊಂಬತ್ತು ವರ್ಷ ಆಗ. ಟೈಪಿಂಗ್ ಕಲಿಯಲು ಹೋಗಿದ್ದಾಳೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದರು. ಮದುವೆಯಾದ ಮೇಲೂ ಅದೇ ಕಥೆ ನಡೆಯಿತು, ನಾನು ಆ ಕಥೆಯ ಟೈಪಿಂಗ್ ಟೀಚರ್. ನನಗೆ ಟೈಪಿಂಗ್ ಬರುವುದಿಲ್ಲ, ಅದು ಬೇರೆ ಮಾತು. ನಾನು ಎಂದಾದರೂ “ನಿಮ್ಮ ಸರ್ಟಿಫಿಕೇಟು ಇಲ್ಲೇ ಉಳಿದಿದೆ, ಬಂದು ತೆಗೆದುಕೊಂಡು ಹೋಗಿ” ಎಂದು ಬರೆದರೆ ಮಗು ಅರ್ಜಿ ಹಾಕಿದೆ ಎಂದು ಅರ್ಥ. ಹಾಗೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಒಂದು ವರ್ಷ ಆ ಅತ್ತೆ ಸೊಸೆಯ ಟೀಚರಿಗೆಂದು ಉಣ್ಣೆಯ ಶಾಲು ಹೆಣೆದು ಕಳಿಸಿದ್ದರು. ಈಗಲೂ ನನ್ನ ಕುರ್ಚಿಯ ಬೆನ್ನಿಗಿದೆ. ನೀನು ಎಷ್ಟೋ ಸಲ ಅದನ್ನು ಸರಿಪಡಿಸಿ ನನ್ನ ಹೆಗಲಿಗೆ ಹೊದಿಸಿದ್ದೀಯ.

ಅವಳು ಅಡಿಗೆಮನೆಯ ಬಾಗಿಲ ಹಿಂದೆ ಒದ್ದೆ ಕೈಯಲ್ಲಿ ನಿಂತಿದ್ದಳು. ಹೊರಗೆ ಬರಲಿಲ್ಲ. ಹದಿನಾರು ವರ್ಷದ ದೊಡ್ಡ ಮಗಳು ಬಂದು ಫೋನಿನ ಫೋಟೋ ಓದಿದಳು. ಗಂಡ ಕೂಗಾಡಲಿಲ್ಲವಂತೆ. “ಟೈಪಿಂಗ್ ಟೀಚರ್ ಅನ್ನೋರು ಇದಾರಾ, ಅದೂ ಸುಳ್ಳಾ?” ಎಂದು ಕೇಳಿದನಂತೆ, ಅಷ್ಟೇ. ಮಾರನೆಯ ದಿನ ಇನ್ನೊಂದು ಪ್ರಶ್ನೆ. ಅದರ ಮಾರನೆಯ ದಿನ ಮತ್ತೊಂದು. ಇಪ್ಪತ್ತು ವರ್ಷದ ಸಂಸಾರದಿಂದ ಒಂದೊಂದೇ ವಿಷಯ ಎತ್ತಿ, ಇದು ನಿಜವಾ, ಇದು ಸುಳ್ಳಾ ಎಂದು ಕೇಳುತ್ತಿದ್ದನಂತೆ. ಹನ್ನೊಂದನೆಯ ದಿನ ಅವಳು ಒಂದು ಬ್ಯಾಗು ಹಿಡಿದು ಹೊರಟಳು. ಈಗ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾಳೆ. ದೊಡ್ಡ ಮಗಳು ಮಾತು ಬಿಟ್ಟಿದ್ದಾಳೆ. ಚಿಕ್ಕವಳು ಶಾಲೆ ಬಿಟ್ಟ ಮೇಲೆ ಬಂದು ಹತ್ತು ನಿಮಿಷ ಕೂತು ಹೋಗುತ್ತಾಳೆ.

ನೀನು ಆ ಮನೆಗೆ ಮತ್ತೆ ಹೋಗಿ ಬಾಗಿಲು ಹಾಕಿಸಿಕೊಂಡು ಬಂದೆಯಂತೆ. ಈಗ ನನಗೆ ಚೀಟಿಯ ಮೇಲೆ ಚೀಟಿ ಕಳಿಸುತ್ತಿದ್ದೀಯ. ‘ಎಲ್ಲಿದಾರೆ ಹೇಳಿ, ಕಾಲಿಗೆ ಬೀಳ್ತೀನಿ.’ ‘ನನ್ನ ಹುಟ್ಟಿನ ಕಾಗದ ನನ್ನದು ದೊಡ್ಡಮ್ಮ, ನಾನು ಕದ್ದಿಲ್ಲ.’ ನಿನ್ನ ತೂಕ ನಿನ್ನದು, ನಿನ್ನ ಮಚ್ಚೆ ನಿನ್ನದು. ಅವಳ ಹೆಸರು ಹೇಗಪ್ಪ ನಿನ್ನದಾಯಿತು? ನಿನ್ನ ಹಸಿವು ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ. ನಿನ್ನಂಥ ನೂರಾರು ಮಕ್ಕಳು ಆ ಕುರ್ಚಿಯಲ್ಲಿ ಕೂತು ಹೋಗಿದ್ದಾರೆ. ಕೆಲವರಿಗೆ ‘ಇಲ್ಲ’ ಎಂಬ ಉತ್ತರವನ್ನು ನಾನೇ ಓದಿ ಹೇಳಿದ್ದೇನೆ. ಅವರು ಅತ್ತಿದ್ದಾರೆ, ನನಗೆ ಬಾಯಿಗೆ ಬಂದಂತೆ ಬೈದಿದ್ದಾರೆ, ಒಬ್ಬಳು ಶಾಯಿ ಬಾಟಲಿ ಎಸೆದಿದ್ದಾಳೆ. ಆದರೂ ಕೇಳುವ ಧೈರ್ಯ ಅವರಿಗಿತ್ತು. ನಿನಗೆ ‘ಇಲ್ಲ’ ಅನ್ನಿಸಿಕೊಳ್ಳುವ ಭಯ. ಅದಕ್ಕೆ ಕೇಳದೆಯೇ ಕೈ ಹಾಕಿದೆ.

ಆ ಫೋಟೋ ಇನ್ನೂ ನಿನ್ನ ಫೋನಿನಲ್ಲಿರುತ್ತದೆ. ತೆಗೆದು ನೋಡು. ಆ ಪುಟದಲ್ಲಿ ಐದು ವಿಳಾಸಗಳಿವೆ, ಒಂದರ ಕೆಳಗೊಂದು, ಮೊದಲ ನಾಲ್ಕಕ್ಕೆ ಅಡ್ಡಗೆರೆ. ನೀನು ಕೊನೆಯದನ್ನು ಮಾತ್ರ ಓದಿಕೊಂಡು ಓಡಿದೆ. ಮೇಲಿನ ನಾಲ್ಕು ಯಾಕಿವೆ ಎಂದು ಒಂದು ನಿಮಿಷ ಯೋಚಿಸಿದೆಯಾ? ಮನೆ ಬದಲಾಯಿಸಿದಾಗಲೆಲ್ಲ ಅವಳು ಬಸ್ಸು ಹತ್ತಿ, ಟೀಚರನ್ನು ನೋಡಿ ಬರುತ್ತೇನೆಂದು ಸುಳ್ಳು ಹೇಳಿ, ಇಲ್ಲಿಗೆ ಬಂದು ಹೊಸ ವಿಳಾಸ ಬರೆಸಿ ಹೋಗುತ್ತಿದ್ದಳು. ಮಗ ಹುಡುಕದಿರಲಿ ಎನ್ನುವವಳು ಹೀಗೆ ಮಾಡುತ್ತಾಳೆಯೇ? ದಿನವಿಡೀ ಬೇರೆಯವರ ಕಣ್ಣು ಪರೀಕ್ಷಿಸುವ ನಿನಗೆ ಇಷ್ಟು ಕಾಣಲಿಲ್ಲ.

ಮನೆ ಬಿಟ್ಟ ಮರುದಿನ ಅವಳು ಇಲ್ಲಿಗೆ ಬಂದಳು. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಇವತ್ತಿಗೂ ನನ್ನನ್ನು ಕರೆಯುವುದು ಟೀಚರೇ ಎಂದೇ. “ಅವನಿಗೆ ಹದಿನೆಂಟು ತುಂಬಿದಾಗಿನಿಂದ ನಿಮ್ಮ ಕಾಗದ ಕಾಯ್ತಿದ್ದೆ ಟೀಚರೇ. ಬಂದಿದ್ರೆ ಮನೆಯವರನ್ನೆಲ್ಲ ಕೂರಿಸಿ ನಾನೇ ಹೇಳ್ತಿದ್ದೆ, ನನ್ನ ಬಾಯಲ್ಲಿ. ಹೇಗೆ ಹೇಳ್ಬೇಕು ಅಂತ ಎಂಟು ವರ್ಷದಿಂದ ಮಾತು ಜೋಡಿಸ್ಕೊಂಡಿದ್ದೆ. ಅದೊಂದು ನನ್ನ ಕೈಲಿತ್ತು. ಅದನ್ನ ಕಿತ್ಕೊಂಡ.” ಇಷ್ಟು ಹೇಳಿ ಹೊಸ ಕೋಣೆಯ ವಿಳಾಸ ಹೇಳಿದಳು. ನಾನು ಪೆನ್ನು ತೆಗೆಯಲಿಲ್ಲ. ಆರನೆಯ ವಿಳಾಸ ಆ ಪುಟದಲ್ಲಿಲ್ಲ, ನನ್ನ ತಲೆಯಲ್ಲಿದೆ. ಮೂವತ್ತೊಂದು ವರ್ಷದಲ್ಲಿ ನಾನು ಬರೆದುಕೊಳ್ಳದೆ ಬಿಟ್ಟ ಸಂಗತಿ ಇದೊಂದೇ. ಆ ಕೆಲಸ ನೀನು ಮಾಡಿಸಿದೆ.

ಹೊರಡುವಾಗ ಬಾಗಿಲಲ್ಲಿ ನಿಂತು ಅವಳು ಇನ್ನೂ ಒಂದು ಮಾತು ಕೇಳಿದಳು. ಬಾಗಿಲ ಹಿಂದಿನಿಂದ ನಿನ್ನ ದನಿ ಕೇಳಿದ್ದಳಲ್ಲ, ಮುಖ ನೋಡಿರಲಿಲ್ಲ. “ಇಲ್ಲಿಗೆ ಬರ್ತಿದ್ದನಲ್ಲ ಟೀಚರೇ, ನೋಡೋಕೆ ಹೇಗಿದಾನೆ? ಏನು ಕೆಲಸ ಮಾಡ್ತಾನೆ?”

ನಾಲ್ಕು ತಿಂಗಳು ನನ್ನೆದುರು ಕೂತವನ ಮುಖ ನನಗೆ ಬಾಯಿಪಾಠ. ಹೇಳಿದ್ದರೆ ಯಾಕೆ ಹೇಳಿದೆ ಎಂದು ಯಾರು ಕೇಳುತ್ತಿದ್ದರು? ನಿನಗೆ ಸಲ್ಲಬೇಕಾದ ಕರುಣೆ ಒಂದು ಚೂರೂ ನನ್ನ ಹತ್ತಿರ ಉಳಿದಿರಲಿಲ್ಲ. ಆದರೂ ಹಲ್ಲು ಕಚ್ಚಿಕೊಂಡು ಹೇಳಿದೆ: “ಅವನ ಸಹಿಯಿಲ್ಲದೆ ಹೇಳೋಕಾಗಲ್ಲಮ್ಮ.” ಅವಳು ಚಪ್ಪಲಿ ಮೆಟ್ಟಿಕೊಂಡಳು. ಆಮೇಲೆ “ಸರಿ ಟೀಚರೇ, ಹಾಗೇ ಇರ್ಲಿ” ಅಂದಳು. ನನ್ನ ಮುಖ ನೋಡಿ, “ಕನ್ನಡಕ ಹೊಸದಾ? ನಿಮಗೆ ಒಪ್ಪತ್ತೆ” ಅಂದಳು.

ಅದು ನೀನು ಮಾಡಿದ್ದು ಎಂದು ಅವಳಿಗೆ ಗೊತ್ತಿಲ್ಲ. ಅದನ್ನು ಹೇಳುವ ಅಧಿಕಾರ ನನಗಿಲ್ಲ. ಅವಳು ಹೋದ ಮೇಲೆ ಅದನ್ನು ಕಳಚಿ ಡ್ರಾಯರಿಗೆ ಹಾಕಿದ್ದೇನೆ. ದಾರ ಕಟ್ಟಿದ ಹಳೆಯದರಲ್ಲೇ ಇದನ್ನು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೆ.

ಇದರ ಜೊತೆ ಒಂದು ಖಾಲಿ ಫಾರಂ ಇಟ್ಟಿದ್ದೇನೆ. ಮುಂದಿನ ತಿಂಗಳ ಕೊನೆಗೆ ನನಗೆ ನಿವೃತ್ತಿ. ಅಷ್ಟರೊಳಗೆ ಬಂದರೆ ಸರ್ಟಿಫಿಕೇಟಿನ ಕಾಗದ ಬರೆಯುತ್ತೇನೆ. ಅವಳು ಈಗಲೂ ಒಪ್ಪುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಅರ್ಜಿಯಿಲ್ಲದೆ ನಾನು ಅದನ್ನು ಕೇಳುವ ಹಾಗಿಲ್ಲ, ಕೇಳಿಯೂ ಇಲ್ಲ. ‘ಇಲ್ಲ’ ಎಂದು ಬಂದರೆ ಬಂದು ಅದೇ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡು ಹೋಗು. ಒಂಬತ್ತನೆಯ ಕಾಲಮನ್ನು ಸಾಮಾನ್ಯವಾಗಿ ಎಲ್ಲರೂ ಖಾಲಿ ಬಿಡುತ್ತಾರೆ. ‘ನಿಮ್ಮ ಬಗ್ಗೆ ಹೆತ್ತವರಿಗೆ ಏನನ್ನು ತಿಳಿಸಬಹುದು?’ ನೀನು ಖಾಲಿ ಬಿಡಬೇಡ. ನನ್ನ ಕನ್ನಡಕ ಯಾರು ಮಾಡಿದ್ದು ಎಂದು ಅವಳಿಗೆ ಹೇಳಬಹುದೋ ಬಾರದೋ, ಅದರಲ್ಲಿ ಬರೆ. ಕೆಳಗೆ ಸಹಿ ಹಾಕು.

ನಿನ್ನ ಕಣ್ಣು ಚೆನ್ನಾಗಿರಲಿ. ಬೇರೆ ಏನನ್ನೂ ಹರಸಲು ಸದ್ಯಕ್ಕೆ ಮನಸ್ಸು ಬರುತ್ತಿಲ್ಲ.

ಇಂತಿ,
ದಾಖಲೆ ಕೋಣೆಯವಳು
(ದೊಡ್ಡಮ್ಮ ಎಂದು ಇನ್ನೊಮ್ಮೆ ಕರೆಯಬೇಡ.)